ಲೆಮೆಕಿ ಕಂಬ ಇಳಿದ ದಿನ

ಫಿಜಿಯ ಲಾವು ದ್ವೀಪಗಳ ನಡುವೆ ವಿಹಾರದೋಣಿಗಳಿಗೆ ದಾರಿ ತೋರಿಸುವವರು ಬಹಳ ಜನ ಇದ್ದಾರೆ. ನೀರಿನ ಬಣ್ಣ ನೋಡಿಯೇ ತಳದ ಹವಳ ಎಷ್ಟು ಆಳದಲ್ಲಿದೆ ಎಂದು ಹೇಳಬಲ್ಲವನು ಮಾತ್ರ ಲೆಮೆಕಿ ಒಬ್ಬನೇ. ಅವನಿಗೆ ಕೇಳಿಸುವಂತೆ ಇದನ್ನು ನಾನು ಎಂದೂ ಹೇಳಿಲ್ಲ. ಅವನು ನನ್ನ ಸೋದರಮಾವನ ಮಗ. ಭಾವಂದಿರು ಒಬ್ಬರನ್ನೊಬ್ಬರು ಬೈಯಬೇಕೇ ಹೊರತು ಹೊಗಳುವ ಪದ್ಧತಿ ನಮ್ಮಲ್ಲಿಲ್ಲ. ಅವನು ದಾರಿ ನೋಡುತ್ತ ಹಾಯಿಪಟದ ಕಂಬದ ಮೇಲೆ, ನಾನು ಅಡುಗೆ ಮಾಡುತ್ತ ಕೆಳಗೆ ಒಲೆಯ ಮುಂದೆ, ಹೀಗೇ ಇಪ್ಪತ್ತು ವರ್ಷ ಕಳೆದಿದ್ದೇವೆ.

ಆ ದಿನ ನಾವಿದ್ದ ದೋಣಿ ನಮ್ಮೂರ ಕಡೆಗೇ ಹೊರಟಿತ್ತು, ಬೆಳಗಿನಿಂದಲೇ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅವನ ತಂಗಿ ಮಕೆರೆಟಾಳ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿತ್ತು. ತಿಂಗಳಿಗೊಮ್ಮೆ ಬರುವ ಸರಕು ಹಡಗು ಮಧ್ಯಾಹ್ನ ಮೂರಕ್ಕೆ ನಮ್ಮೂರ ಹವಳದಿಬ್ಬದ ಹೊರಗೆ ನಿಂತು, ಅವಳನ್ನು ರಾಜಧಾನಿ ಸುವಾದ ಆಸ್ಪತ್ರೆಗೆ ಒಯ್ಯುವುದಿತ್ತು. ಹೋದವಳು ಮರಳುತ್ತಾಳೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಅದಕ್ಕೆ ಮೊದಲು ಅವಳನ್ನೊಮ್ಮೆ ನೋಡಬೇಕು, ಲೆಮೆಕಿಗೆ ಬೇಕಾಗಿದ್ದದ್ದು ಅಷ್ಟೇ.

ನೋಡುವುದು ಸರಿ, ಮಾತಾಡುವಂತಿಲ್ಲ. ದೊಡ್ಡವರಾದ ಮೇಲೆ ನಮ್ಮಲ್ಲಿ ಅಣ್ಣತಂಗಿ ನೇರವಾಗಿ ಮಾತಾಡುವುದಿಲ್ಲ. ಅದು ಮುನಿಸಲ್ಲ, ಗೌರವ. ಮಕೆರೆಟಾಳಿಗೆ ಹನ್ನೆರಡು ತುಂಬಿದಾಗಿನಿಂದ ಇವರಿಬ್ಬರ ಮಾತೆಲ್ಲ ನನ್ನ ಬಾಯಿಂದಲೇ ಓಡಾಡಿದೆ. ಒಂದೇ ಮನೆಯ ಎರಡು ಮೂಲೆಯಲ್ಲಿ ಕೂತು, "ಮೀನಿಗೆ ಉಪ್ಪು ಸಾಲ್ದು ಅಂತ ಹೇಳು" ಎನ್ನುತ್ತಿದ್ದ. ಅವಳಿಗೆ ಕೇಳಿಸಿದ್ದರೂ ನಾನು ಎದ್ದು ಹೋಗಿ ಹೇಳುತ್ತಿದ್ದೆ.

"ಇವತ್ತೇನು ಹೇಳ್ಲೋ ಭಾವ?" ಎಂದು ಕೆಳಗಿನಿಂದ ಕೇಳಿದೆ.

"ಹಡಗಲ್ಲಿ ಚಳಿ, ಎರಡು ಚಾಪೆ ಹಾಸ್ಕೊ ಅನ್ನು."

ಅರ್ಧ ಗಂಟೆ ಬಿಟ್ಟು ಮೇಲಿನಿಂದ ಬಗ್ಗಿದ. "ಚಾಪೆ ವಿಷ್ಯ ಬಿಡು. ಹೆದರ್ಬೇಡ ಅನ್ನು."

"ನೀನೇ ನಡುಗ್ತಿದೀಯ. ಕಂಬ ಅಲ್ಲಾಡ್ತಿದೆ."

"ಬಾಯ್ಮುಚ್ಕೊಂಡು ಗೆಣಸು ಬೇಯ್ಸು." ಸ್ವಲ್ಪ ಹೊತ್ತಿಗೆ ಮತ್ತೆ, "ಅದೂ ಬೇಡ. ಯೋಚ್ನೆ ಮಾಡಿ ಹೇಳ್ತೀನಿ."

ದೋಣಿಯ ಯಜಮಾನ ಬ್ರೂಅರ್ ಕೆಟ್ಟ ಮನುಷ್ಯನಲ್ಲ, ಆದರೆ ಅವನಿಗೆ ಎಲ್ಲ ದಿನವೂ ರಜೆಯೇ. ಒಂದು ನಿರ್ಜನ ದ್ವೀಪದ ಮುಂದೆ ಪಟ ಇಳಿಸಿ ಕಡಲ ಹಕ್ಕಿಗಳ ಫೋಟೊ ತೆಗೆದ. ಇನ್ನೊಂದರ ಬಳಿ ಒಂದು ಗಂಟೆ ಈಜಿದ. ಆಮೇಲೆ ಚಹಾ ಬೇಕೆಂದ. ವಿಷಯ ಹೇಳಿದ್ದರೆ ಹಾರಿಸಿಕೊಂಡು ಬರುತ್ತಿದ್ದನೇನೋ. ಲೆಮೆಕಿ ಹೇಳಗೊಡಲಿಲ್ಲ.

"ನಂಟರ ಹಾಗೆ ಬಂದಿದಾನೆ. ಅವನಿಗ್ಯಾಕೆ ನಮ್ಮನೆ ಕಷ್ಟ?"

ನನಗೆ ಮೈಯೆಲ್ಲ ಉರಿಯುತ್ತಿತ್ತು. ಬ್ರೂಅರನ ಮೇಲೋ ಇವನ ಮೇಲೋ ಗೊತ್ತಾಗಲಿಲ್ಲ. ಚಹಾವನ್ನು ಬೇಕೆಂದೇ ನೀರು ನೀರಾಗಿ ಮಾಡಿಕೊಟ್ಟೆ.

ಊರು ಕಂಡಾಗ ಎರಡೂಮುಕ್ಕಾಲು. ಹಡಗು ಆಗಲೇ ಬಂದು ನಿಂತಿತ್ತು. ಹವಳದಿಬ್ಬದೊಳಗೆ ಹೋಗುವ ಬಾಯಿ ಪೂರ್ವಕ್ಕಿದೆ, ಪಡುವಣಕ್ಕೆ ಮುಖ ಮಾಡಿ ಒಳಗೆ ಬರುವಾಗ ಆ ಹೊತ್ತಿನಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಕೆಳಗಿದ್ದವರಿಗೆ ನೀರೆಲ್ಲ ಒಂದೇ ಸಮ ಹೊಳೆಯುತ್ತದೆ, ಮೇಲಿದ್ದವನಿಗಷ್ಟೇ ದಾರಿ ಕಾಣುವುದು. ಲೆಮೆಕಿ ಕೈ ಎಡಕ್ಕೆ ಬಲಕ್ಕೆ ತೋರಿಸುತ್ತ ಹೋದ, ಬ್ರೂಅರ್ ಹಾಗೇ ಚುಕ್ಕಾಣಿ ತಿರುಗಿಸಿದ. ನಟ್ಟನಡುವೆ ಬಂದಾಗ ಎದುರಿನಿಂದ ಊರಿನ ಮೋಟಾರು ದೋಣಿ ಬಂತು. ಅದರಲ್ಲಿ ಚಾಪೆಯ ಮೇಲೆ ಮಕೆರೆಟಾ ಮಲಗಿದ್ದಳು.

ಲೆಮೆಕಿ ಸರಸರನೆ ಕಂಬ ಇಳಿದುಬಿಟ್ಟ.

ಬ್ರೂಅರ್ ಗಾಬರಿಯಾದ. "ಏನಯ್ಯ ಇದು, ಹತ್ತು ಮೇಲೆ. ನಂಗೇನೂ ಕಾಣ್ತಿಲ್ಲ."

"ಕೆಳಗೆ ನನ್ನ ತಂಗಿ ಹೋಗ್ತಿದಾಳೆ," ಎಂದ ಲೆಮೆಕಿ ತಲೆ ತಗ್ಗಿಸಿ. ನಮ್ಮಲ್ಲಿ ತಂಗಿಯ ತಲೆಗಿಂತ ಮೇಲೆ ಕಾಲಿಟ್ಟುಕೊಂಡು ನಿಲ್ಲುವುದುಂಟೇ. ಬ್ರೂಅರನಿಗೆ ಅದೊಂದು ಉತ್ತರ ಅನ್ನಿಸಲಿಲ್ಲ. ನನಗೆ ಅನ್ನಿಸಿತು, ಅದಕ್ಕೇ ನಾನೂ ಅವನನ್ನು ಮೇಲೆ ಹತ್ತಿಸಲಿಲ್ಲ. ಅಷ್ಟರಲ್ಲಿ ದೋಣಿಯ ತಳ ಹವಳಕ್ಕೆ ಉಜ್ಜಿ ಕರಕರ ಸದ್ದಾಯಿತು.

ಮೋಟಾರು ದೋಣಿ ಪಕ್ಕದಲ್ಲೇ ನಿಂತಿತ್ತು. ಮಕೆರೆಟಾ ಮೊಣಕೈ ಊರಿ ಎದ್ದಳು. ಮುಖ ಸೊರಗಿ ಅರ್ಧಕ್ಕೆ ಇಳಿದಿತ್ತು. ಅವಳು ನನ್ನ ಕಡೆ ನೋಡುತ್ತಾಳೆ ಎಂದು ನಾನು ಮುಂದೆ ಬಾಗಿದೆ. ನೋಡಲಿಲ್ಲ.

"ಅಣ್ಣ," ಎಂದಳು. "ಮೇಲೆ ಹತ್ತು. ನನ್ನ ತಲೆ ಇನ್ನೆಷ್ಟು ದಿನವೋ. ದೋಣಿ ಒಡೀಬೇಡ."

ಲೆಮೆಕಿ ತಿರುಗಿ ಹತ್ತಿದ. ಹೇಳಿದ್ದನ್ನು ಕೇಳುವ ಮಗುವಿನ ಹಾಗೆ ಹತ್ತಿದ. ಹಿಂದಕ್ಕೆ, ಎಡಕ್ಕೆ, ಇನ್ನೂ ಎಡಕ್ಕೆ ಎಂದು ಕೈ ತೋರಿಸಿ ದೋಣಿ ಬಿಡಿಸಿದ. ಕಣ್ಣು ಹವಳದ ಮೇಲಿಂದ ತೆಗೆಯುವಂತಿರಲಿಲ್ಲ, ತೆಗೆಯಲಿಲ್ಲ. ಅವಳು ಮಾತ್ರ ಹಡಗು ಮುಟ್ಟುವವರೆಗೂ ಅವನನ್ನೇ ನೋಡುತ್ತಿದ್ದಳು. ನಾನು ನೋಡಿದೆ.

ಲಂಗರು ಹಾಕಿದ ಮೇಲೂ ಅವನು ಇಳಿಯಲಿಲ್ಲ. ನಾನೇ ಮೇಲೆ ಹತ್ತಿ ಪಕ್ಕದಲ್ಲಿ ಕೂತೆ. ಹಡಗು ಹೊರಟಾಗಿತ್ತು.

"ಅವಳು ಹೇಳಿದ್ದು ನಿಂಗಾ, ನಂಗಾ?" ಎಂದು ಕೇಳಿದ.

"ನಿಂಗೇ ಕಣೋ. ಅಣ್ಣ ಅಂದ್ಲಲ್ಲ."

ಅವನು ಕಂಬಕ್ಕೆ ಹಣೆ ಆನಿಸಿದ. "ಮೂವತ್ತು ವರ್ಷದ ಮೇಲೆ ಕರೆದ್ಲು. ನಾನು ಓ ಅನ್ಲೇ ಇಲ್ಲ."

ಬೈಯೋಣ ಎಂದರೆ ಒಂದು ಬೈಗುಳವೂ ನೆನಪಿಗೆ ಬರಲಿಲ್ಲ. ಅವನು ಹಡಗು ಹೋದ ಕಡೆ ತಿರುಗಿ, ಪಕ್ಕದ ಕೋಣೆಯಿಂದ ಕರೆದವರಿಗೆ ಹೇಳುವಷ್ಟೇ ಮೆಲ್ಲಗೆ, "ಓ" ಎಂದ.