ಗೌಸಣ್ಣನ ಎರಡನೇ ಕಾಪಿ

ಜೂನ್ ೧೫, ಭಾನುವಾರ, ಬೆಳಗ್ಗೆ ಏಳೂವರೆ.

ಗೌಸಣ್ಣ ಹೊಸ ಹಾರ್ಡ್ ಡಿಸ್ಕ್ ಕೊಳ್ಳುವಾಗ ಅದನ್ನು ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವರಂತೆ ಅಲುಗಾಡಿಸುತ್ತಿದ್ದರು. ಹಾಗೆ ಮಾಡಬೇಡಿ ಎಂದು ಎಷ್ಟು ಸಲ ಹೇಳಿದೆನೋ. "ಸದ್ದು ಬರ್ಲಿಲ್ಲ ತಂಗೆಮ್ಮ, ಮಾಲು ಚಲೋ ಐತೆ" ಎನ್ನುತ್ತಿದ್ದರು.

ಚನ್ನಗಿರಿಯಲ್ಲಿ ಅವರದು ಮದುವೆ ವಿಡಿಯೊ ಸ್ಟುಡಿಯೊ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಶಾಖೆಗಳು. ಅಲ್ಲಿ ತೆಗೆದ ವಿಡಿಯೊಗಳ ಎರಡನೇ ಕಾಪಿ ನೆಟ್ ಮೂಲಕ ನಮ್ಮ ಚನ್ನಗಿರಿ ಅಂಗಡಿಗೆ ಬಂದು ಸೇರಬೇಕು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾಲ್ಕೂ ಕಡೆ ಫೈಬರ್ ನೆಟ್ ಹಾಕಿಸೋಣ ಎಂದೆ. ದರ ಕೇಳಿ ನಕ್ಕರು.

"ಎರಡನೇ ಕಾಪಿ ಅಂದ್ರೆ ಸ್ಟೆಪ್ನಿ. ಸ್ಟೆಪ್ನಿಗೆ ಯಾರಾದ್ರೂ ಹೊಸ ಟೈರ್ ಹಾಕ್ತಾರಾ?"

ಎಲ್ಲಕ್ಕಿಂತ ಅಗ್ಗದ ಸಿಮ್ ತಂದರು. ದಿನದ ಡೇಟಾ ಮಿತಿ ಮುಗಿದರೆ ಅದು ತೆವಳುತ್ತಿತ್ತು. ಯಾವ ಫೈಲ್ ಯಾವ ದಿನ ಬಂತೆಂದು ಬರೆದಿಡುತ್ತಾ ಹೋದೆ. ಸಿಟ್ಟು ಬರುವ ಸಂಗತಿಯೆಂದರೆ, ತಡವಾದರೂ ಎಲ್ಲವೂ ಬಂದವು. "ಅವಸರ ಯಾರಿಗೈತೆ?" ಎಂದು ಅವರೇ ಗೆದ್ದರು.

ಆಮೇಲೆ ಜಗಳೂರಿನ ಡಿಸ್ಕ್ ಕೆಟ್ಟಿತು. ಅದೇ ವಾರ ಜಗಳೂರು ಹತ್ತಿರದ ಬಿಳಿಚೋಡಿನಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಅವರ ದನಿ ಉಳಿದಿದ್ದು ಮಗಳ ಮದುವೆಯ ವಿಡಿಯೊದಲ್ಲಿ ಮಾತ್ರ. ತಿಥಿಯ ದಿನ ನೆಂಟರೆಲ್ಲ ಕೂತು ನೋಡಬೇಕೆಂದು ಮಗಳು ಕೇಳಿದಳು. ಇದ್ದದ್ದು ನಮ್ಮಲ್ಲಿನ ಕಾಪಿಯೊಂದೇ. ಜಗಳೂರಿನ ಶಾಖೆಗೆ ನೆಟ್‌ನಲ್ಲಿ ಕಳಿಸಲು ಶುರುಮಾಡಿದೆ. ಡಿಸ್ಕನ್ನೇ ಒಯ್ದು ಕೊಡೋಣ ಎಂದೂ ಹೇಳಿದೆ.

"ಬಂದ ದಾರೀಲೇ ಹೋಗ್ತಾವೆ ಬಿಡು" ಎಂದರು ಗೌಸಣ್ಣ.

ತಿಥಿಯ ಬೆಳಗ್ಗೆ ನೋಡಿದರೆ ಕಾಲು ಭಾಗವೂ ಹೋಗಿರಲಿಲ್ಲ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಅವರೇ ಬಸ್ ಹತ್ತಿದರು. ತಲುಪುವಷ್ಟರಲ್ಲಿ ನೆಂಟರು ಉಂಡು ಹೊರಟುಹೋಗಿದ್ದರು.

ಮರುದಿನ ಅಂಗಡಿಗೆ ಬಂದು ಹೇಳಿದರು: "ಆ ಹುಡುಗಿ ಬೈಲಿಲ್ಲ ತಂಗೆಮ್ಮ. ಟೀ ಕೊಟ್ಲು. ಬೈದಿದ್ರೆ ಚಲೋ ಇತ್ತು." ಆಮೇಲೆ ಅಂದರು: "ಇಡಾಕೆ ಅಗ್ಗದ್ದು ಸಾಕು. ವಾಪಸ್ ಕೊಡಬೇಕಾದ ದಿನ ಮಾತ್ರ ಜೋರಾಗಿ ಓಡೋ ಲೈನ್ ಐತಾ ಕೇಳು. ಆ ಒಂದು ದಿನಕ್ಕೆ ಎಷ್ಟಾದ್ರೂ ಕೊಡೋಣ."

ನಾವು ಕೊನೆಯದಾಗಿ ಮಾತಾಡಿದ್ದು ಅದೇ. ಆ ವಾರವೇ ಎದೆನೋವಿನಿಂದ ಹೋಗಿಬಿಟ್ಟರು.

ಅಂದಿನಿಂದ ನೆಟ್ ಕಂಪನಿಯವರನ್ನು ಕೇಳುತ್ತಲೇ ಇದ್ದೇನೆ. ಒಬ್ಬರು ವರ್ಷದ ಹಣ ಮುಂಗಡ ಕೊಡಿ ಎನ್ನುತ್ತಾರೆ. ಇನ್ನೊಬ್ಬರು ಡೌನ್‌ಲೋಡ್ ವೇಗವನ್ನಷ್ಟೇ ಹೇಳುತ್ತಾರೆ, ಇಲ್ಲಿಂದ ಕಳಿಸುವ ಅಪ್‌ಲೋಡ್ ವೇಗ ಎಷ್ಟು ಎಂದರೆ, "ಅದನ್ನ ಯಾರೂ ಕೇಳಲ್ಲ ಮೇಡಂ." ಗೌಸಣ್ಣ ಹೇಳಿದಂಥ ಲೈನ್ ಎಲ್ಲಾದರೂ ಇದ್ದರೆ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಬೇಗ ಬರೆಯಿರಿ. ಮುಂದೆ ಯಾವ ಊರಿನ, ಯಾರ ಮಗಳು ಫೋನ್ ಮಾಡುತ್ತಾಳೋ ಗೊತ್ತಿಲ್ಲ.