ನಾನು ಹೊಡೆದುಹಾಕಿದ ‘ನೋ’

ಟಕ್. ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಟಕ್. ಇಬ್ರಾಹಿಂಪುರದ ಆ ಮನೆಯ ಹೊರಕೋಣೆಯಲ್ಲಿ, ಮೇಜಿನ ಕೆಳಗಿನ ಹಳೇ ಕಂಪ್ಯೂಟರಿನೊಳಗೆ ಒಂದು ಕಾರ್ಡು ಹೀಗೆ ಸದ್ದು ಮಾಡುತ್ತಿತ್ತು. ಈಗ ನಮ್ಮ ಫ್ರಿಜ್ಜು ಟಕ್ ಅಂದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಮುಂದಿನದಕ್ಕೆ ಕಾಯುತ್ತೇನೆ.

ಅದು ನನ್ನ ಹಳೇ ಸ್ಟೂಡೆಂಟ್ ಒಬ್ಬಳ ಮನೆ. ಅವಳ ಅಣ್ಣ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು. ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿಗೆ, ತಂಪು ಅಳೆಯಲು, ಅಳೆದಾಗಲೊಮ್ಮೆ ಟಕ್ ಅನ್ನುವ ಇಂಥದೇ ಕಾರ್ಡು ಕೂರಿಸಿಕೊಟ್ಟಿದ್ದ. ಕಾರ್ಡು ಕಂಪ್ಯೂಟರಿನ ಜೊತೆ ಮಾತಾಡಬೇಕಾದರೆ ಡ್ರೈವರ್ ಅನ್ನುವ ಸಣ್ಣ ಪ್ರೋಗ್ರಾಮು ಬೇಕಂತೆ. ಅದನ್ನು ಬರೆದು, ಮೊದಲ ಸಾಲಿನಲ್ಲಿ ತನ್ನ ಹೆಸರು ಹಾಕಿ, ಕರ್ನಲ್‌ಗೆ ಸೇರಿಸಿದ್ದ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮಿನ ಒಳತಿರುಳು. ಯಾರೊಬ್ಬರ ಸೊತ್ತೂ ಅಲ್ಲ. ಎಲ್ಲೆಲ್ಲಿಯವರೋ ಇಮೇಲಿನಲ್ಲೇ ಜಗಳಾಡಿ, ಒಪ್ಪಿ, ಬೆಳೆಸುತ್ತಾರೆ.

ಅವನು ತೀರಿಕೊಂಡ ಮೇಲೆ ತಂಗಿ ಅದರ ಮೇಂಟೇನರ್ ಆದಳು. ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ತಿದ್ದಿ, ಆ ಮಷೀನಿನಲ್ಲಿ ಓಡಿಸಿ, ಟಕ್ ಅಂದಮೇಲೆಯೇ ಕಳಿಸುವಳು. ಪ್ರತಿ ತಿದ್ದುಪಡಿಯ ಕೆಳಗೆ ಹೆಸರು ಹಾಕುವುದು ಅಲ್ಲಿಯ ಪದ್ಧತಿ, ಇದಕ್ಕೆ ನಾನೇ ಜವಾಬ್ದಾರಿ ಅಂದಹಾಗೆ. ಇಂಗ್ಲಿಷ್ ತಿದ್ದುವುದು ನನ್ನ ಪಾಲು. ರಿಟೈರ್ ಆದ ಕಾನ್ವೆಂಟ್ ಟೀಚರಿಗೆ ಬೇರೆ ಏನು ಸುಖ?

“ನನ್ನ ಕೋಡಿನ್ಯಾಗ ತಪ್ಪು ಹುಡುಕವ್ರು ನೂರು ಮಂದಿ ಅದಾರ್ರಿ ಮಿಸ್. ನಿಮ್ಮ ಇಂಗ್ಲಿಷಿನ್ಯಾಗ ಹುಡುಕವ್ರು ಯಾರೂ ಇಲ್ಲ” ಅಂತ ಚಾಷ್ಟಿ ಮಾಡುತ್ತಿದ್ದಳು.

ಒಂದು ದಿನ ಕರ್ನಲ್ ನೋಡಿಕೊಳ್ಳುವ ದೊಡ್ಡವರಿಂದ ಮೇಲ್ ಬಂತು. ಈ ಡ್ರೈವರನ್ನು ಈಗ ಯಾರೂ ಬಳಸುತ್ತಿರಲಿಕ್ಕಿಲ್ಲ, ತೆಗೆಯುತ್ತೇವೆ, ತಕರಾರಿದ್ದರೆ ಹೇಳಿ ಅಂತ. ಅವಳು ಉತ್ತರಕ್ಕೆ ನಾಲ್ಕು ಸಾಲು ಗೀಚಿದ್ದಳು. ಮೊದಲನೇ ಶಬ್ದವೇ ‘ನೋ.’

ಹಂಗ ಬರೀತಾರೇನು ದೊಡ್ಡವರಿಗೆ? ಇಲ್ಲ ಅನ್ನುವುದನ್ನೂ ಇಲ್ಲ ಅನ್ನದೇ ಹೇಳಬೇಕು ಅಂತ ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ‘ನೋ’ ಹೊಡೆದುಹಾಕಿದೆ. ನಿಮ್ಮ ಕಷ್ಟ ಬಲ್ಲೆ, ನಿಮ್ಮ ನಿರ್ಧಾರಕ್ಕೆ ಅಡ್ಡ ಬರುವವಳಲ್ಲ, ಆದರೂ ಪುನಃ ಪರಿಶೀಲಿಸಿದರೆ ಕೃತಜ್ಞಳು ಅಂತ ಬರೆದೆ. ಎರಡು ಕೋಲ್ಡ್ ಸ್ಟೋರೇಜಿನಲ್ಲಿ ಇದು ಇನ್ನೂ ಓಡುತ್ತಿದೆ ಅಂತ ಅವಳು ಬರೆದಿದ್ದ ಮಾತು ಜಂಬದ ಹಾಗೆ ಕಂಡು ಬಿಟ್ಟೇಬಿಟ್ಟೆ. ಗ್ರೇಸ್‌ಫುಲ್ ಇಂಗ್ಲಿಷ್. ಮಿಸ್ ಬರೆದದ್ದಲ್ಲವೇ ಅಂತ ಅವಳು ಓದದೇ ಹೆಸರು ಹಾಕಿ ಕಳಿಸಿದಳು.

ತಕರಾರಿಲ್ಲ ಅಂದದ್ದಕ್ಕೆ ಥ್ಯಾಂಕ್ಸ್, ಅಂತ ಉತ್ತರ. ಮುಂದಿನ ಕರ್ನಲ್‌ನಲ್ಲಿ ಅವಳಣ್ಣನ ಡ್ರೈವರ್ ಇರಲಿಲ್ಲ.

ತಪ್ಪು ನನ್ನದು, ಇನ್ನೊಂದು ಬರೆಯುತ್ತೇನೆ ಅಂದೆ.

“ಬ್ಯಾಡ್ರಿ. ಕೆಳಗ ನನ್ನ ಹೆಸರೈತಿ.”

ಕರ್ನಲ್‌ನ ಹಿಸ್ಟರಿಯಲ್ಲಿ ತೆಗೆದದ್ದೂ ಎಲ್ಲಾ ಉಳಿಯುತ್ತದಲ್ಲ, ಅಣ್ಣನ ಹೆಸರೂ ಇರುತ್ತದಲ್ಲ, ಅಂತ ಸಮಾಧಾನ ಹೇಳಹೋದೆ.

“ಗೋರಿ ಮ್ಯಾಲೂ ಇರತೈತ್ರಿ ಹೆಸರು. ಇದು ಓಡತಿತ್ತು ಮಿಸ್.”

ಆಮೇಲೆ ತಿದ್ದಲು ಅವಳಿಂದ ನನಗೆ ಏನೂ ಬರಲಿಲ್ಲ. ಕಡೇ ಸಲ ಅವಳನ್ನು ನೋಡಿದ್ದು ಸ್ಟೇಷನ್ ರಸ್ತೆಯಲ್ಲಿ, ಆಟೋದೊಳಗೆ. ಆ ಹಳೇ ಮಷೀನು ತೊಡೆಯ ಮೇಲಿತ್ತು. ತಿಕೋಟಾದ್ದು ಕೆಟ್ಟರೆ ಇದನ್ನು ಹಚ್ಚಲಿ ಅಂತ ಕೊಡಲು ಹೊರಟಿದ್ದಳು. ಹೊಸ ಕರ್ನಲ್ ಇದಕ್ಕೆ ಎಂದೂ ಹಾಕಬಾರದು ಅಂತ ಮೇಲೆ ಚೀಟಿ ಅಂಟಿಸಿದ್ದಳು. ಇನ್ನೂ ಟಕ್ ಅಂತದೇನು ಅಂತ ಕೇಳಿದೆ.

“ಕರೆಂಟ್ ಕೊಟ್ರ ಅಂತೈತ್ರಿ.”

ಆಟೋ ಹೊರಟಿತು. ನಾನು ಕೈ ಎತ್ತಿದೆ. ಅವಳ ಎರಡೂ ಕೈ ಮಷೀನನ್ನು ತಬ್ಬಿಕೊಂಡಿದ್ದವು.