ಗಂಜಿಯ ತಪ್ಪಲ್ಲ

ಭದ್ರಾವತಿಯ ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಹೋದ ವರ್ಷ ನಾವು ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಹೊಸಮನೆ ಬಡಾವಣೆಗೆ ಬಂದೆವು. ಬಾಡಿಗೆ ಮನೆಯ ಮುಂದೆ ದೊಡ್ಡ ಮಳೆಮರವಿತ್ತು. ಬಣ್ಣದ ಕಾಟನ್ ಸೀರೆಯನ್ನು ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಬಣ್ಣ ಹೋಗುತ್ತದೆ. ಮರ ಕಂಡದ್ದೇ ಅಮ್ಮ ಅದರಡಿ ಹಗ್ಗ ಕಟ್ಟಿ, ಊರವರ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಡಲು ಶುರುಮಾಡಿದಳು. ಮನೆ ನಡೆದದ್ದು ಅದರಿಂದಲೇ.

ಎರಡನೆಯ ಬೇಸಿಗೆಗೆ ಸೀರೆಗಳು ಅಂಟತೊಡಗಿದವು. ಮಡಿಕೆ ಬಿಚ್ಚಿದರೆ ಒಳಗೆ ಇರುವೆ. ಅಮ್ಮನಿಗೆ ತನ್ನ ಗಂಜಿಯ ಮೇಲೇ ಅನುಮಾನ. ಮೈದಾ ಬಿಟ್ಟು ಅಕ್ಕಿ ಗಂಜಿ ಮಾಡಿದಳು, ಅದನ್ನೂ ಬಿಟ್ಟು ಸಬ್ಬಕ್ಕಿ ಕಾಯಿಸಿದಳು, ಮೂರು ಮೂರು ಸಲ ಸೋಸಿದಳು. "ನನ್ನ ಕೈಗೇ ಏನೋ ಆಗಿದೆ ಕಣೇ" ಎಂದು ಅತ್ತಳು.

"ನೆಟ್ಟಗೆ ಸೋಸಮ್ಮ, ಅಷ್ಟೂ ಬರಲ್ವಾ?" ಎಂದು ನಾನು ಕೂಗಾಡಿದೆ. ಆ ಮಾತಿಗೆ ಇವತ್ತಿಗೂ ನನ್ನ ಬಾಯಿಗೆ ಬಡಿದುಕೊಳ್ಳಬೇಕು ಅನ್ನಿಸುತ್ತದೆ.

ದುರ್ಗಿಗುಡಿಯ ಟೀಚರೊಬ್ಬರು ನಮಗೆ ತಮ್ಮ ಸ್ಕೂಲಿನವರೆಲ್ಲರ ಸೀರೆಯನ್ನು ಗಂಜಿಗೆ ಕೊಡಿಸುತ್ತಿದ್ದರು. ಅವರೇ ಒಂದು ದಿನ ಬಂದು, "ಇರುವೆ ಮೆತ್ತಿಸ್ಕೊಂಡು ಕ್ಲಾಸಿಗೆ ಹೋಗ್ಲೇನಮ್ಮ?" ಎಂದರು. ಅಲ್ಲಿಗೆ ಎಲ್ಲರ ಸೀರೆಯೂ ನಿಂತಿತು. ಕೈ ಕೆಸರಾದರೆ ಬಾಯಿ ಮೊಸರಂತೆ, ಯಾರು ಹೇಳಿದರೋ!

ಖಾಲಿ ಹಗ್ಗದ ಕೆಳಗೆ ಕೂತು ಓದುತ್ತಿದ್ದಾಗ ನನ್ನ ನೋಟ್‌ಬುಕ್ಕಿನ ಮೇಲೆ ಸಣ್ಣ ಹನಿಗಳು ಬಿದ್ದವು. ಬೆರಳಿಗೆ ಅಂಟಿತು, ನೆಕ್ಕಿದೆ, ಸಿಹಿ. ಎದ್ದು ಕೊಂಬೆ ಬಗ್ಗಿಸಿದರೆ ಎಲೆಯಡಿ ಹಿಟ್ಟು ಮೆತ್ತಿದಂಥ ಬಿಳಿ ಹುಳಗಳು, ಅವುಗಳ ಸುತ್ತ ಇರುವೆ ಸಾಲು. ಥೂ, ಹುಳ ವಿಸರ್ಜಿಸಿದ ರಸ ಸೀರೆಯ ಮೇಲೆ ಬೀಳುತ್ತಿತ್ತು!

ಅಮ್ಮ ಮೊದಲು ಕೇಳಿದ್ದು, "ಹಂಗಾದ್ರೆ ನನ್ನ ಗಂಜಿ ಸರಿಯಾಗೇ ಇತ್ತಲ್ವಾ?"

ಆ ಕೊಂಬೆಯನ್ನೇ ಮುರಿದು ಕೊಟ್ಟು ನನ್ನನ್ನು ಟೀಚರ ಮನೆಗೆ ಓಡಿಸಿದಳು. ಅವರು ಗೇಟನ್ನೂ ತೆಗೆಯಲಿಲ್ಲ. ನಾನು ಹೇಳಿದ್ದನ್ನು ಕೇಳಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಹೋಗಮ್ಮ" ಎಂದರು. ಕೊಂಬೆಯನ್ನು ಚರಂಡಿಗೆಸೆದು ಬಂದೆ.

ಅಷ್ಟರಲ್ಲಿ ಅಮ್ಮ ಹಗ್ಗವನ್ನು ಹಿತ್ತಲಿನ ಗೋಡೆ ನೆರಳಿಗೆ ಕಟ್ಟಿ, ಒಂದು ಪಾತ್ರೆ ಗಂಜಿ ಕಾಯಿಸಿಟ್ಟಿದ್ದಳು.

"ನಂಬಿದ್ರಾ?"

"ನಂಬಿದ್ರಮ್ಮ."

ಎರಡು ದಿನ ಬಾಗಿಲಲ್ಲೇ ಕೂತು ಕಾದಳು. ಒಂದು ಸೀರೆಯೂ ಬರಲಿಲ್ಲ. ಮೂರನೆಯ ದಿನ ಹುಳಿ ಬಂದ ಗಂಜಿಯನ್ನು ತಾನೇ ಮರದ ಬುಡಕ್ಕೆ ಸುರಿದು, ಪಾತ್ರೆ ಉಜ್ಜಿ ಕವುಚಿಟ್ಟಳು. "ನಂಬಿದ್ರು ಅಂದ್ಯಲ್ಲ?" ಎಂದು ನನ್ನನ್ನು ಒಂದು ಸಲವೂ ಕೇಳಲಿಲ್ಲ.